ಕೈ ಕಟ್ಟಿ ನಿಂತ ಗಂಟೆಗಳು

ಗೋಪನಕೊಪ್ಪ

ಅಮೆರಿಕದಲ್ಲಿ ಏನೇನು ನೋಡಿದಿರಿ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಬಹಳ ಚಿಕ್ಕದು. ಒಂದು ಮೋಟೆಲು, ಒಂದು ಕಾಲೇಜು, ನಡುವೆ ಮೊಣಕಾಲುದ್ದ ಹಿಮ. ಜಲಪಾತ ನೋಡಲಿಲ್ಲ, ದೀವಟಿಗೆ ಎತ್ತಿ ನಿಂತ ಆ ಪ್ರತಿಮೆಯನ್ನೂ ನೋಡಲಿಲ್ಲ. ಐದು ದಿನಕ್ಕೆಂದು ಹೋದವನು ಐದೇ ದಿನಕ್ಕೆ ಬಂದೆ. ಅಷ್ಟರೊಳಗೆ ಒಂದು ಹತ್ತು ನಿಮಿಷ ನನ್ನ ಬಾಯಿ ಮುಚ್ಚಿಕೊಂಡಿದ್ದಿದ್ದರೆ ಈ ಬರಹದ ಧಾಟಿಯೇ ಬೇರೆ ಇರುತ್ತಿತ್ತು. ಬಹುಶಃ ಬರೆಯುತ್ತಲೂ ಇರಲಿಲ್ಲ, ಓಣಿಯಲ್ಲಿ ಪೇಢೆ ಹಂಚುತ್ತಿದ್ದೆ.

ನಾನು ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಇಪ್ಪತ್ತೆರಡು ವರ್ಷದಿಂದ ದವಾಖಾನೆ ಇಟ್ಟುಕೊಂಡಿರುವ ಆಯುರ್ವೇದದ ಡಾಕ್ಟರು. ಎಂಬಿಬಿಎಸ್ ಆಗಬೇಕೆಂದಿದ್ದೆ, ಅಂಕ ಸಾಲಲಿಲ್ಲ. ಬೋರ್ಡಿನ ಮೇಲೆ ನನ್ನ ಹೆಸರು ದೊಡ್ಡದಾಗಿದೆ, ಪದವಿ ಸಣ್ಣದಾಗಿದೆ. ಬರೆಯುವವನಿಗೆ ನಾನೇ ಹಾಗೆ ಹೇಳಿದ್ದೆ. ಕಷಾಯ ಬೇಕೆಂದು ನನ್ನಲ್ಲಿಗೆ ಯಾರೂ ಬರುವುದಿಲ್ಲ, ಬಂದವರಿಗೆಲ್ಲ ಸೂಜಿಯೇ ಬೇಕು. ಸೂಜಿ ಮಾಡದ ಡಾಕ್ಟರನ್ನು ನಮ್ಮ ಓಣಿ ಡಾಕ್ಟರೆಂದೇ ಒಪ್ಪುವುದಿಲ್ಲ.

ದವಾಖಾನೆಯ ಮೇಲಿನ ಮಹಡಿಯಲ್ಲಿ ಅಣ್ಣನ ಸಂಸಾರ. ಅವನು ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಒಂದು ಕಾಲಕ್ಕೆ ಅವನ ಕಂಪನಿ ಹೊಸ ಯಂತ್ರದ ಕೆಲಸ ಕಲಿಯಲೆಂದು ಗಂಡ ಹೆಂಡತಿಯನ್ನು ಮೂರು ವರ್ಷ ಅಮೆರಿಕದಲ್ಲಿ ಇರಿಸಿತ್ತು. ಆಗ ಹುಟ್ಟಿದವಳು ಪಾರ್ವತಿ, ನಮ್ಮ ಪಾರು. ಎರಡು ವರ್ಷದ ಕೂಸಾಗಿ ಇಲ್ಲಿಗೆ ಬಂದಳು. ಮಾತು ಕಲಿತದ್ದು, ಹಾಲುಹಲ್ಲು ಬಿದ್ದದ್ದು, ಸೈಕಲ್ಲಿನಿಂದ ಬಿದ್ದು ಗದ್ದ ಒಡೆದುಕೊಂಡದ್ದು ಎಲ್ಲ ಇಲ್ಲೇ. ಪಾಸ್‌ಪೋರ್ಟು ಮಾತ್ರ ಆ ದೇಶದ್ದು.

ಅದರ ಫಜೀತಿ ಗೊತ್ತಾದದ್ದು ಅವಳು ಡಾಕ್ಟರಾಗುತ್ತೇನೆಂದು ಹಟ ಹಿಡಿದಾಗ. ಇಲ್ಲಿನ ಸರ್ಕಾರಿ ಸೀಟಿಗೆ ಅವಳು ಪರದೇಶದವಳು. ಎಷ್ಟೇ ಅಂಕ ತೆಗೆದರೂ ಹೊರದೇಶದವರ ಸಾಲಿನಲ್ಲೇ ನಿಲ್ಲಬೇಕು, ಆ ಸಾಲಿನ ಶುಲ್ಕ ಫೋರ್‌ಮನ್‌ಗಳಿಗೆ ಎಟುಕುವಂಥದ್ದಲ್ಲ. ಹಾಗಾದರೆ ಯಾವ ದೇಶದವಳೋ ಆ ದೇಶದಲ್ಲೇ ಕೇಳುತ್ತೇನೆ ಎಂದು ಹುಡುಗಿ ತಾನೇ ಹುಡುಕತೊಡಗಿದಳು. ಅಲ್ಲಿ ಮೊದಲು ನಾಲ್ಕು ವರ್ಷ ಬೇರೆ ಏನಾದರೂ ಪದವಿ ಓದಬೇಕು, ಆಮೇಲೆ ಮತ್ತೆ ಅರ್ಜಿ, ಮತ್ತೆ ಪರೀಕ್ಷೆ, ಆಮೇಲೆ ವೈದ್ಯಕೀಯ. ಆದರೆ ಕೆಲವು ಕಾಲೇಜುಗಳು ಹನ್ನೆರಡನೇ ತರಗತಿಯ ಮಕ್ಕಳಲ್ಲಿ ಬೆರಳೆಣಿಕೆಯಷ್ಟು ಜನರನ್ನು ಆರಿಸಿ ಎರಡೂ ಪದವಿಯ ಸೀಟನ್ನು ಒಟ್ಟಿಗೇ ಕೊಟ್ಟುಬಿಡುತ್ತವೆ. ಪಾರು ಅಂಥ ಒಂಬತ್ತು ಕಾಲೇಜಿಗೆ ಅರ್ಜಿ ಹಾಕಿದಳು. ಎಂಟು ಕಾಲೇಜು ಬಾಗಿಲಲ್ಲೇ ಬೇಡವೆಂದವು. ಒಂಬತ್ತನೆಯದು ಸಂದರ್ಶನಕ್ಕೆ ಖುದ್ದಾಗಿ ಬಾ ಎಂದಿತು. ಆಯ್ಕೆಯಾದರೆ ಪೂರ್ತಿ ವಿದ್ಯಾರ್ಥಿವೇತನ ಕೊಡುವ ಕಾಲೇಜೂ ಅದೊಂದೇ ಆಗಿತ್ತು.

ಜೊತೆಗೆ ಅಣ್ಣ ಹೋಗಬೇಕಿತ್ತು. ಮಗಳು ಅಲ್ಲಿನ ಪ್ರಜೆ, ಹೋದರೆ ನೀನೂ ಅಲ್ಲೇ ಉಳಿಯುವೆ ಎಂದು ವೀಸಾದವರು ಅವನನ್ನು ಹಿಂದೆ ಕಳಿಸಿದರು. ಅವನ ಬದಲು ನಾನು ಹೋದಾಗ, ನೀವು ವಾಪಸು ಬರದಿದ್ದರೆ ನಿಮ್ಮ ರೋಗಿಗಳ ಗತಿಯೇನು ಎಂದು ಕೇಳಿದರು. ಎದುರಿನ ಡಾಕ್ಟರ ಹತ್ತಿರ ಹೋಗುತ್ತಾರೆ, ಅದಕ್ಕೇ ನಾನು ಲಗುಬಗೆಯಿಂದ ಬರಬೇಕು ಎಂದೆ. ಆ ಅಧಿಕಾರಿ ನಕ್ಕು ವೀಸಾ ಕೊಟ್ಟ. ನನ್ನ ಬಾಯಿಗೆ ಸಿಕ್ಕ ಮೊದಲ ಬಹುಮಾನ ಅದು. ನನ್ನ ಮಾತಿನ ಮೇಲೆ ನನಗೆ ಭರವಸೆ ಬಂದದ್ದೂ ಅಲ್ಲಿಂದಲೇ.

ಹೊರಡುವ ದಿನ ಮೂಲೆಯ ಬಳೆ ಅಂಗಡಿಯ ಮಾಬೂಬಿ ಅಜ್ಜಿ ಬಂದಿದ್ದಳು. ವಾರಕ್ಕೊಂದು ಸಲ ಶಕ್ತಿಯ ಸೂಜಿ ಮಾಡಿಸಿಕೊಳ್ಳುವವಳು, ಅದೂ ಪಾರುವಿನ ಕೈಯಿಂದಲೇ. ನಾನು ಸಿರಿಂಜ್ ಎತ್ತಿದರೆ ಸೆರಗು ಎಳೆದುಕೊಂಡು ಕೂರುತ್ತಾಳೆ. ಆವತ್ತೂ ಪಾರುವಿನಿಂದಲೇ ಮಾಡಿಸಿಕೊಂಡು, ಅವಳ ತಲೆ ಸವರಿ ಹೇಳಿದಳು, “ಇದರ ಕೈ ಭಾಳ ಹಗುರ ಐತ್ರಿ ಡಾಕ್ಟರ. ಅಲ್ಲೆ ಅವರಿಗೂ ಇದನ್ನ ಹೇಳ್ರಿ.”

ಹೇಳಿದೆ. ಅದೇ ಈ ಪ್ರವಾಸದ ಕಥೆ.

ಎರಡು ಸಾಲು

ಅಲ್ಲಿ ವಿಮಾನ ಇಳಿದೊಡನೆ ಜನರನ್ನು ಎರಡು ಸಾಲಾಗಿ ಒಡೆಯುತ್ತಾರೆ, ಆ ದೇಶದವರು ಒಂದು ಕಡೆ, ಉಳಿದವರು ಇನ್ನೊಂದು ಕಡೆ. ಜಡೆ ಹೆಣೆದುಕೊಂಡು, ಅವ್ವ ಹೆಣೆದ ಸ್ವೆಟರ್ ಹಾಕಿಕೊಂಡಿದ್ದ ಪಾರು ಮೊದಲ ಸಾಲಿಗೆ ಹೋದಳು. ಅವಳ ಪಾಸ್‌ಪೋರ್ಟು ನೋಡಿದವನು “ಮನೆಗೆ ಸ್ವಾಗತ” ಎಂದನಂತೆ. ಹದಿನೈದು ವರ್ಷ ಬಿಟ್ಟು ಬಂದವಳಿಗೆ ಎರಡೇ ನಿಮಿಷದಲ್ಲಿ ಮನೆ ಸಿಕ್ಕಿತು. ನಾನು ಒಂದೂವರೆ ತಾಸು ನಿಂತೆ.

ಕಸ್ಟಮ್ಸಿನಲ್ಲಿ ನನ್ನ ಚೀಲ ತೆರೆಸಿದರು. ಅದರಲ್ಲಿ ಅರ್ಧ ಡಜನ್ ಸಿರಿಂಜ್, ಶಕ್ತಿಯ ಸೂಜಿಯ ಆಂಪೂಲ್, ನೋವಿನದು ಎರಡು, ಜ್ವರದ ಗುಳಿಗೆ. ಮದುವೆಗೆ ಹೋದರೂ ನಾನು ಇಷ್ಟು ಸಾಮಾನು ಒಯ್ಯುತ್ತೇನೆ. ಊಟದ ಪಂಕ್ತಿ ಮುಗಿಯುವುದರೊಳಗೆ ನಾಲ್ಕು ಜನ ತೋಳು ಚಾಚಿಕೊಂಡು ಬರುತ್ತಾರೆ. ಅಧಿಕಾರಿಣಿ ಇವೆಲ್ಲ ಯಾರಿಗೆ ಎಂದು ಕೇಳಿದಳು. ನಾನು ಡಾಕ್ಟರು ಎಂದೆ. ಈ ದೇಶದಲ್ಲಿ ವೈದ್ಯಕೀಯ ಮಾಡಲು ಪರವಾನಗಿ ಇದೆಯೇ ಎಂದಳು. ಪರವಾನಗಿ ಯಾಕೆ, ಜ್ವರ ಎಲ್ಲ ದೇಶದಲ್ಲೂ ಒಂದೇ ಅಲ್ಲವೇ ಎಂದು ನಾನು ನಗೆಯಾಡಲು ಹೋದೆ. ಅವಳು ನಗಲಿಲ್ಲ. ಕೈಗೆ ಕೈಗವಸು ಹಾಕಿಕೊಂಡು ನನ್ನ ಸಾಮಾನನ್ನೆಲ್ಲ ಸತ್ತ ಇಲಿಯನ್ನು ಎತ್ತಿದಂತೆ ಎತ್ತಿ ಹಳದಿ ಡಬ್ಬಿಗೆ ಹಾಕಿದಳು.

ಆಚೆ ಕಾಯುತ್ತಿದ್ದ ಪಾರುವಿಗೆ ನಾನು ಸಿಟ್ಟಿನಿಂದ ಇದನ್ನೆಲ್ಲ ಹೇಳಿದೆ. ಅವಳು ಮೆಲ್ಲಗೆ, “ಕಾಕಾ, ಇಲ್ಲೆ ನೀವು ಡಾಕ್ಟರ್ ಅಂತ ಯಾರ ಮುಂದೂ ಹೇಳಬ್ಯಾಡ್ರಿ” ಎಂದಳು. ನನಗೆ ಆ ಮಾತು ಚುಚ್ಚಿತು. ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರ ಬಾಯಲ್ಲೂ ಡಾಕ್ಟರ್ ಡಾಕ್ಟರ್ ಎಂದೇ. ಅದನ್ನು ತೆಗೆದುಬಿಟ್ಟರೆ ಐವತ್ತು ದಾಟಿದ ಒಬ್ಬ ಬೊಕ್ಕತಲೆಯವನು ಉಳಿಯುತ್ತಾನೆ, ಅಷ್ಟೇ.

ಮೋಟೆಲು

ಕಾಲೇಜಿನ ಊರು ಒಳನಾಡಿನದು, ಚಪ್ಪಟೆ ನೆಲದ ಮೇಲೆ ದೂರ ದೂರ ಕೂತ ಮನೆಗಳು. ನಮ್ಮ ಕಡೆಯ ಎರೆಹೊಲಕ್ಕೆ ಸುಣ್ಣ ಬಳಿದರೆ ಹಾಗೇ ಕಾಣಬಹುದು. ಫೆಬ್ರವರಿಯ ಚಳಿಗೆ ಮೂಗಿನ ಕೂದಲೂ ಗಟ್ಟಿಯಾಗುತ್ತಿತ್ತು. ನಾವು ಇಳಿದುಕೊಂಡ ಮೋಟೆಲಿನ ಒಡತಿ ಗುಜರಾತಿನವಳು, ನಮ್ಮ ಮುಖ ನೋಡಿದ್ದೇ ತಡ ಮಗು ಮೆಡಿಕಲ್ ಸಂದರ್ಶನಕ್ಕೆ ಬಂದಿದೆ ಎಂದು ಗುರುತು ಹಿಡಿದಳು. ಪ್ರತಿ ವರ್ಷ ಇದೇ ವಾರದಲ್ಲಿ ನಮ್ಮಂಥ ಮುಖಗಳು ಬರುತ್ತವಂತೆ. ಆಯ್ಕೆಯಾಗಿ ಎರಡನೇ ಸಲ ಬಂದವರನ್ನು ನೋಡಿದ್ದೀರಾ ಎಂದು ಕೇಳಿದೆ. ಅವಳು ಚಹಾ ಬೇಕೇ ಎಂದು ಕೇಳಿದಳು.

ಅಲ್ಲಿನ ಜನ ಎದುರು ಬಂದವರನ್ನೆಲ್ಲ ಹೇಗಿದ್ದೀರಿ ಎಂದು ಕೇಳುತ್ತಾರೆ. ಕೇಳಿ ನಿಲ್ಲುವುದಿಲ್ಲ. ನಮ್ಮಲ್ಲಿ ಆರಾಮ್ರೀ ಎಂದು ಕೇಳಿದವನು ಉತ್ತರಕ್ಕೆ ನಿಲ್ಲಬೇಕು, ಮೊಣಕಾಲು ನೋವಿನಿಂದ ಹಿಡಿದು ಮಗಳ ಬಾಣಂತನದವರೆಗೆ ಕೇಳಿಸಿಕೊಳ್ಳಬೇಕು. ಮೊದಲ ದಿನ ನಾನು ಒಬ್ಬನಿಗೆ ನನ್ನ ಸೊಂಟದ ವಿಷಯ ಹೇಳತೊಡಗಿದೆ. ನಾನು ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಅವನು ರಸ್ತೆಯ ಆಚೆಗಿದ್ದ.

ಮರುದಿನ ಬೆಳಿಗ್ಗೆ ಮೋಟೆಲಿನ ಮುಂದೆ ಮುದುಕಿಯೊಬ್ಬಳು ಹಿಮದ ಮೇಲೆ ಜಾರಿ ಬಿದ್ದಳು. ನಾನು ಓಡಿಹೋಗಿ ಅಲ್ಲೇ ಕೂತು ಅವಳ ಹಿಮ್ಮಡಿ ಹಿಡಿದು ತಿರುವಿ ನೋಡಿದೆ, ಮೂಳೆ ಮುರಿದಿದೆಯೇ ಎಂದು. ಮುದುಕಿ, “ನನ್ನನ್ನು ಮುಟ್ಟಬೇಡ” ಎಂದು ಕಿರುಚಿದಳು. ಸುತ್ತ ನಾಲ್ಕು ಜನ ಕೂಡಿದರು, ಎಲ್ಲರೂ ನನ್ನನ್ನು ನೋಡುತ್ತಿದ್ದರೇ ಹೊರತು ಅವಳನ್ನಲ್ಲ. ಪಾರು ಬಂದು ಅವಳ ಪಕ್ಕ ಮೊಣಕಾಲೂರಿ ಕೂತಳು. ಮುಟ್ಟಲಿಲ್ಲ. ನಿಮ್ಮ ಹೆಸರೇನು, ನಾನು ನಿಮ್ಮ ಕೈ ಹಿಡಿದುಕೊಳ್ಳಲೇ ಎಂದು ಕೇಳಿದಳು. ಆಂಬುಲೆನ್ಸ್ ಬರುವವರೆಗೆ ಆ ಮುದುಕಿ ಅವಳ ಕೈ ಬಿಡಲಿಲ್ಲ. ಆಗ ನಾನು ಹೆಮ್ಮೆಪಡಬೇಕಿತ್ತು. ನನಗೆ ಬಂದದ್ದು ಸಿಟ್ಟು. ಪಾದ ಮುರಿದಿಲ್ಲ ಎಂದು ಅರ್ಧ ನಿಮಿಷದಲ್ಲಿ ಹೇಳಿದವನು ನಾನು.

ಸಂದರ್ಶನದ ಮುನ್ನಾದಿನ ಮಧ್ಯಾಹ್ನ ಪಾರು ತಾನು ಬರೆದು ಕಳಿಸಿದ್ದ ಪ್ರಬಂಧವನ್ನು ಮತ್ತೆ ಓದುತ್ತ ಕೂತಿದ್ದಳು. ನಾನು ಇಸಿದುಕೊಂಡು ಓದಿದೆ. ಅದೂವರೆಗೆ ಅವಳು ತೋರಿಸಿರಲಿಲ್ಲ. ಚೆನ್ನಾಗಿಯೇ ಬರೆದಿದ್ದಳು. ದವಾಖಾನೆಯ ಹಸಿರು ಬೆಂಚು, ಕೂಸು ಅಳುವ ಮೊದಲು ತಾಯಿ ಅಳುವುದು, ಎಲ್ಲ ಇತ್ತು. ಆದರೆ ಪ್ರತಿ ಪುಟದಲ್ಲೂ ಒಂದೇ ಮಾತು: ಮೂಲೆಯಲ್ಲಿ ನಿಂತು ನೋಡಿದೆ. ಆ ದೇಶದಲ್ಲಿ ಡಾಕ್ಟರಾಗಬೇಕೆನ್ನುವ ಮಕ್ಕಳು ಡಾಕ್ಟರ ಹಿಂದೆ ನೆರಳಿನಂತೆ ಕೈ ಕಟ್ಟಿ ನಿಲ್ಲಬೇಕಂತೆ, ನಿಂತ ಗಂಟೆಗಳನ್ನು ಅರ್ಜಿಯಲ್ಲಿ ತುಂಬಬೇಕಂತೆ. ಪಾರು ತುಂಬಿದ್ದಳು. ಸೂಜಿ ಮಾಡಿದ್ದು ಇಲ್ಲ, ಡ್ರೆಸ್ಸಿಂಗ್ ಮಾಡಿದ್ದು ಇಲ್ಲ, ಗ್ಯಾರೇಜಿನ ರಫೀಕನ ಅಂಗೈಗೆ ಹೊಲಿಗೆ ಹಾಕಿದ್ದಂತೂ ಇಲ್ಲವೇ ಇಲ್ಲ. ನಾನು ಎಂಟನೇ ತರಗತಿಯಿಂದ ಕೈ ಹಿಡಿದು ಕಲಿಸಿದ್ದನ್ನೆಲ್ಲ ಅವಳು ಒಂದೇ ಮಾತಿನಲ್ಲಿ ಅಳಿಸಿಬಿಟ್ಟಿದ್ದಳು.

ನನ್ನ ಹೆಸರು ಹೇಳಲು ನಾಚಿಕೆಯಾಯಿತೇ ಎಂದು ಕೇಳಿದೆ.

“ನಾಚಿಕಿ ಅಲ್ರಿ ಕಾಕಾ” ಎಂದಳು. “ಲೈಸನ್ಸ್ ಇಲ್ಲದ ಹುಡುಗಿ ಕೈಲೆ ಪೇಶಂಟ್‌ಗ ಹೊಲಿಗಿ ಹಾಕಿಸಿದ್ರು ಅಂದ್ರ ಇವರು ನನಗ ಏನೂ ಅನ್ನೂದಿಲ್ಲ, ನಿಮಗ ಅಂತಾರ. ನಿಮ್ಮನ್ನ ಯಾರರ ಕೆಟ್ಟ ಡಾಕ್ಟರ್ ಅಂದ್ರ ನಂಗ ಸೇರೂದಿಲ್ಲ. ಅದಕ್ಕ ಬರದಿಲ್ಲ.”

ಇಷ್ಟು ಸ್ಪಷ್ಟವಾಗಿ ಹೇಳಿದ್ದಳು. ಕಿವಿ ಕೇಳಿಸಿಕೊಂಡಿತು, ತಲೆ ಕೇಳಿಸಿಕೊಳ್ಳಲಿಲ್ಲ. ಎಂಬಿಬಿಎಸ್ ಅಲ್ಲದ ಕಾಕಾನನ್ನು ಮೂಲೆಗೆ ತಳ್ಳಿದ್ದಾಳೆ ಎಂಬುದೇ ನನ್ನೊಳಗೆ ಕುದಿಯುತ್ತಿತ್ತು. ಇಂಥ ಕುದಿತಕ್ಕೆ ಇಪ್ಪತ್ತೆರಡು ವರ್ಷದ ಅಭ್ಯಾಸವಿದೆ ನನಗೆ.

ಕಾಲೇಜು

ಸಂದರ್ಶನಕ್ಕೆ ಬಂದ ಮಕ್ಕಳನ್ನು ಒಳಗೆ ಕರೆದೊಯ್ದರು. ಒಂದೊಂದು ಕೋಣೆಯಲ್ಲಿ ಪ್ರಶ್ನೆ ಕೇಳುವವರು ಒಬ್ಬೊಬ್ಬರು, ಎಂಟು ನಿಮಿಷಕ್ಕೊಮ್ಮೆ ಗಂಟೆ, ಗಂಟೆ ಹೊಡೆದರೆ ಮುಂದಿನ ಕೋಣೆ. ಪಾಲಕರಿಗೆ ಬೇರೆ ಕೋಣೆ, ಅಲ್ಲಿ ಕಾಫಿ, ಬಿಸ್ಕೀಟು. ಕಾಫಿಯನ್ನು ಹಂಡೆಯಷ್ಟು ದೊಡ್ಡ ಲೋಟದಲ್ಲಿ ಕೊಡುತ್ತಾರೆ, ರುಚಿ ಹಂಡೆ ತೊಳೆದ ನೀರಿನಂತೆಯೇ. ನನ್ನ ಪಕ್ಕದಲ್ಲಿ ಒಬ್ಬ ಚೀನಾದ ತಾಯಿ, ಆಚೆ ಒಂದು ತೆಲುಗು ದಂಪತಿ. ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು.

ನಮ್ಮಲ್ಲಿ ಹೀಗೆ ಕೂರುವ ಪದ್ಧತಿಯಿಲ್ಲ. ಕನ್ಯೆ ನೋಡಲು ಬೀಗರು ಬಂದರೆ ಹುಡುಗಿ ಚಹಾ ಕೊಟ್ಟು ಒಳಗೆ ಹೋಗುತ್ತಾಳೆ, ಅವಳ ಗುಣಗಾನವನ್ನು ಪಡಸಾಲೆಯಲ್ಲಿ ಕೂತ ಹಿರಿಯರು ಮಾಡಬೇಕು. ಕಾಲೇಜಿನ ಪ್ರವೇಶಕ್ಕೆ ಹೋದರೂ ಅದೇ. ಮಗು ಬೆನ್ನ ಹಿಂದೆ ನಿಲ್ಲುತ್ತದೆ, ಪ್ರಾಚಾರ್ಯರ ಜೊತೆ ಮಾತಾಡುವವರು ನಾವು. ತನ್ನನ್ನು ತಾನೇ ಹೊಗಳಿಕೊಳ್ಳುವ ಹುಡುಗಿ ಗಯ್ಯಾಳಿ, ಹೊಗಳಲು ಹಿರಿಯರಿಲ್ಲದ ಹುಡುಗಿ ಅನಾಥೆ. ನಾನು ಅಷ್ಟು ದೂರ ಪ್ರಯಾಣ ಮಾಡಿ ಹೋದದ್ದು ಈ ಒಂದು ಕೆಲಸಕ್ಕೇ ಎಂದು ತಿಳಿದಿದ್ದೆ.

ಕೊರಳಿಗೆ ಕಾರ್ಡು ತೂಗುಹಾಕಿಕೊಂಡ ನೆರೆಗೂದಲಿನ ಹೆಂಗಸೊಬ್ಬಳು ಪಾಲಕರನ್ನು ಮಾತಾಡಿಸುತ್ತ ಬಂದಳು. ಮಕ್ಕಳ ಡಾಕ್ಟರಂತೆ, ಆಯ್ಕೆ ಸಮಿತಿಯಲ್ಲಿದ್ದಾಳಂತೆ. ತಾನೇ ಹೇಳಿದಳು, ಮುಚ್ಚಿಡಲಿಲ್ಲ. ಮಗಳ ಬಗ್ಗೆ ಹೇಳಿ ಎಂದು ಅವಳು ಚೀನಾದ ತಾಯಿಯನ್ನು ಕೇಳಿದಾಗ ಆಕೆ, ಅದನ್ನು ಅವಳೇ ಚೆನ್ನಾಗಿ ಹೇಳಬಲ್ಲಳು ಎಂದು ಸುಮ್ಮನಾದಳು. ಎಂಥ ತಾಯಿ ಇವಳು ಎಂದು ನಾನು ಮರುಗಿದೆ.

ನನ್ನ ಸರದಿ ಬಂತು. ಬೀಗರು ಪಡಸಾಲೆಗೆ ಬಂದೇಬಿಟ್ಟರು ಎಂದುಕೊಂಡು ಶುರುಮಾಡಿದೆ. ಪಾರುವಿನ ಕೈ ಎಷ್ಟು ಹಗುರ, ಹದಿನಾಲ್ಕರಿಂದ ಹೇಗೆ ಸೂಜಿ ಮಾಡುತ್ತಾಳೆ, ಮಾಬೂಬಿ ನನ್ನನ್ನು ಬಿಟ್ಟು ಅವಳನ್ನೇ ಹೇಗೆ ಕೇಳುತ್ತಾಳೆ. ಆಮೇಲೆ ರಫೀಕನ ಕಥೆ. ತಗಡು ಕೊಯ್ದು ಅಂಗೈ ಬಾಯಿಬಿಟ್ಟಿತ್ತು, ನನ್ನ ಕೈಯಲ್ಲಿ ಆಗ ಫಿಟ್ಸ್ ಬಂದ ಒಂದು ಕೂಸಿತ್ತು. ನಾಲ್ಕು ಹೊಲಿಗೆ ಪಾರು ಹಾಕಿದಳು, ಇವತ್ತು ಗೆರೆ ಹುಡುಕಿದರೂ ಕಾಣುವುದಿಲ್ಲ. ಆ ಹೆಂಗಸು ತಲೆದೂಗುತ್ತ ಕೇಳಿದಳು. ಆಗ ಅವಳಿಗೆ ಎಷ್ಟು ವರ್ಷ ಎಂದಳು. ಹದಿನೈದು ಎಂದೆ, ಎದೆಯುಬ್ಬಿಸಿ. ಹೊಲಿಗೆ ಹಾಕುವವಳು ಡಾಕ್ಟರಲ್ಲ ಎಂದು ರೋಗಿಗೆ ಗೊತ್ತಿತ್ತೇ ಎಂದಳು. ಗೊತ್ತಿಲ್ಲದೆ ಏನು, ಮುಂದಿನ ಸಲ ಅವಳನ್ನೇ ಕೇಳಿಕೊಂಡು ಬಂದ ಎಂದು ನಕ್ಕೆ.

ಅವಳೂ ನಕ್ಕಳು. ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದಳು. ಲೋಟವನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಆ ದೇಶದ ನಗೆಯನ್ನು ಓದಲು ಐದು ದಿನ ಸಾಲದು. ಗೆದ್ದೆ ಎಂದುಕೊಂಡು ನಾನು ಇನ್ನೊಂದು ಬಿಸ್ಕೀಟು ತೆಗೆದುಕೊಂಡೆ.

ಬಸ್ಸು

ಮೋಟೆಲಿಗೆ ಮರಳುವ ಬಸ್ಸಿನಲ್ಲಿ ನಾವಿಬ್ಬರೇ ಇದ್ದೆವು. ಪಾರು ಕಿಟಕಿಯ ಗಾಜಿಗೆ ಹಣೆ ಹಚ್ಚಿ ಕೂತಿದ್ದಳು. ಹೇಗಾಯಿತು ಎಂದು ಮೂರು ಸಲ ಕೇಳಿದ ಮೇಲೆ ಹೇಳಿದಳು. ಏಳು ಕೋಣೆ ಚೆನ್ನಾಗಿಯೇ ಆದವಂತೆ. ಕೊನೆಯ ಕೋಣೆಯಲ್ಲಿ ಆ ನೆರೆಗೂದಲಿನ ಡಾಕ್ಟರು. ನೀನು ಬರೀ ನೋಡಿದೆ ಎಂದು ಬರೆದಿದ್ದೀಯ, ನಿನ್ನ ಕಾಕಾ ಹೊಲಿಗೆ ಹಾಕಿದಳು ಎನ್ನುತ್ತಾರೆ, ಎರಡರಲ್ಲಿ ಯಾವುದು ಸರಿ ಎಂದು ಕೇಳಿದಳಂತೆ. ಕೇಳಿ, ದಾರಿಯನ್ನೂ ಅವಳೇ ತೋರಿಸಿದಳಂತೆ. ಪ್ರೀತಿಯಿಂದ ಸ್ವಲ್ಪ ಹೆಚ್ಚಿಗೆ ಹೇಳಿರಬಹುದು, ದೊಡ್ಡವರು ಹಾಗೆ ಮಾಡುವುದುಂಟು, ಅಲ್ಲವೇ ಎಂದು.

ಹೌದು ಎಂದಿದ್ದರೆ ಮುಗಿದಿತ್ತು. ಹೌದು ಎನ್ನಬೇಕಿತ್ತು.

“ನೀ ಏನಂದಿ?” ಎಂದು ಕೇಳಿದೆ.

“ನಮ್ಮ ಕಾಕಾ ಹೇಳಿದ್ದು ಖರೇ ಐತಿ ಅಂದೆ.”

“ಯಾಕ ಹಂಗ ಅಂದಿ? ಮುದಕಾ ಬಡಾಯಿ ಕೊಚ್ಚತಾನ ಅನಬೇಕಿತ್ತು.”

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. “ಅವರ ಮುಂದ ನಿಮ್ಮನ್ನ ಹಂಗ ಅನ್ನೂದು ನಂಗ ಆಗಲಿಲ್ರಿ” ಎಂದಳು.

ನನ್ನನ್ನು ಕೆಟ್ಟ ಡಾಕ್ಟರ್ ಅನ್ನಬಾರದೆಂದು ಪ್ರಬಂಧದಲ್ಲಿ ಒಂದು ಮಾತು ಮುಚ್ಚಿಟ್ಟವಳು, ನನ್ನನ್ನು ಬಡಾಯಿಗಾರ ಅನ್ನಬಾರದೆಂದು ಅದೇ ಮಾತನ್ನು ಬಿಚ್ಚಿಟ್ಟಿದ್ದಳು. ಎರಡು ಸಲವೂ ಕಾಪಾಡಿದ್ದು ನನ್ನನ್ನು. ಸಮಿತಿಯ ಕಾಗದದಲ್ಲಿ ಅವಳು ಬರೆದದ್ದೊಂದು, ಹೇಳಿದ್ದೊಂದು ಆಯಿತು. ತಪ್ಪಾಯಿತು ಎಂದು ಆಗಲೇ ಹೇಳಬೇಕಿತ್ತು. ಅಷ್ಟು ಮಾತಾಡುವ ಬಾಯಿಗೆ ಆ ಒಂದು ಮಾತು ಬರಲಿಲ್ಲ. ನಿಲ್ದಾಣ ಬಂತು, ಇಳಿದೆವು. ಹಿಮದ ಮೇಲೆ ನನ್ನ ಕಾಲು ಜಾರಿದಾಗ ಅವಳು ತೋಳು ಹಿಡಿದುಕೊಂಡಳು, ಕೇಳದೆಯೇ ಹಿಡಿದುಕೊಂಡಳು.

ಮತ್ತೆ ಗೋಪನಕೊಪ್ಪ

ಪಾರು ಬಂದವಳೇ ಪಿಯುಸಿ ಪರೀಕ್ಷೆ ಬರೆದಳು. ಅದು ಮುಗಿದ ಮೇಲೆ ಕಾಲೇಜಿನ ಉತ್ತರ ಬಂತು. ನಾಲ್ಕು ಸಾಲು. ಅರ್ಜಿ ಹಾಕಿದವರೆಲ್ಲರೂ ಅಸಾಧಾರಣರಂತೆ, ಆದ್ದರಿಂದ ವಿಷಾದವಂತೆ. ಕಾರಣ ಕೊಟ್ಟಿರಲಿಲ್ಲ. ಯಾರಿಗೂ ಕೊಡುವುದಿಲ್ಲವಂತೆ. ಅಣ್ಣ ಅದನ್ನು ಎರಡು ಸಲ ಓದಿಸಿಕೊಂಡು, ಸ್ಪರ್ಧೆ ಜಾಸ್ತಿ ಇರ್ತದ ಬಿಡು ಎಂದ. ಬಸ್ಸಿನಲ್ಲಿ ನಡೆದದ್ದನ್ನು ಪಾರು ಅವನಿಗೆ ಹೇಳಿರಲಿಲ್ಲ. ನಾನೂ ಹೇಳಿಲ್ಲ. ಅವನು ಕನ್ನಡ ಪತ್ರಿಕೆ ಓದುವವನು, ಇದನ್ನು ಓದಿದರೆ ತಿಳಿಯುತ್ತದೆ.

ನಾನು ಆ ಸಮಿತಿಗೆ ಒಂದು ಪತ್ರ ಬರೆದೆ. ಕಲಿಸಿದವನು ನಾನು, ಸೂಜಿ ಕೈಗೆ ಕೊಟ್ಟವನು ನಾನು, ಅವಳದೇನೂ ತಪ್ಪಿಲ್ಲ ಎಂದು. ನಿಮ್ಮ ಆಸಕ್ತಿಗೆ ವಂದನೆ, ಮುಂದಿನ ವರ್ಷದ ಅರ್ಜಿಗಳು ಇಂಥ ತಿಂಗಳಲ್ಲಿ ತೆರೆಯುತ್ತವೆ ಎಂದು ಕಂಪ್ಯೂಟರು ಉತ್ತರ ಕೊಟ್ಟಿತು. ಅವರು ಕೇಳಿದ್ದು ತಪ್ಪೆಂದು ಹೇಳಲಾರೆ. ಹದಿನೈದರ ಹುಡುಗಿಯ ಕೈಗೆ ಹೊಲಿಗೆಯ ಸೂಜಿ ಕೊಟ್ಟದ್ದು ಸರಿಯಲ್ಲ ಎಂದು ಈಗ ನನಗೂ ಅನ್ನಿಸುತ್ತದೆ. ಆದರೆ ಶಿಕ್ಷೆ ಆದದ್ದು ಸೂಜಿ ಕೊಟ್ಟವನಿಗಲ್ಲ, ಇಸಿದುಕೊಂಡವಳಿಗೆ. ನನ್ನ ಬೋರ್ಡು ಎಲ್ಲಿತ್ತೋ ಅಲ್ಲೇ ಇದೆ.

ಪಾರು ಧಾರವಾಡದಲ್ಲಿ ಬಿಎಸ್ಸಿಗೆ ಹೆಸರು ಹಚ್ಚಿದ್ದಾಳೆ. ಸಂಜೆ ಮೊದಲಿನಂತೆ ದವಾಖಾನೆಗೆ ಬರುತ್ತಾಳೆ. ಮುಂದೆ ಯಾವತ್ತಾದರೂ ಮತ್ತೆ ಅರ್ಜಿ ಹಾಕಿದರೆ ಗಂಟೆಗಳು ಬೇಕಾಗುತ್ತವೆ ಎನ್ನುತ್ತಾಳೆ. ಗೋಡೆಗೆ ಒರಗಿ ನಿಲ್ಲುತ್ತಾಳೆ. ಹತ್ತಿಯ ಡಬ್ಬಿ ಎತ್ತಿಕೊಡು ಎಂದರೂ ಎತ್ತಿಕೊಡುವುದಿಲ್ಲ.

ಹೋದ ವಾರ ಮಾಬೂಬಿ ಬಂದಳು. ಬೆಂಚಿನ ಮೇಲೆ ಕೂತು ಸೆರಗು ಸರಿಸಿ, ನನ್ನನ್ನು ದಾಟಿ ಪಾರುವಿನ ಕಡೆಗೆ ತೋಳು ಚಾಚಿದಳು.

ಪಾರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. “ನಾ ಬರೇ ನೋಡಾಕ ನಿಂತೇನ್ರಿ ಅಜ್ಜಿ” ಎಂದಳು. “ಕಾಕಾ ಮಾಡತಾರ.”

ನಾನು ಸಿರಿಂಜ್ ತುಂಬಿಸಿದೆ. ಮಾಬೂಬಿ ಮುಖ ಆಚೆ ತಿರುಗಿಸಿ ಹಲ್ಲು ಕಚ್ಚಿದಳು. ನನ್ನ ಕೈ ಭಾರ ಎಂದು ಬಾಯಿಬಿಟ್ಟು ಹೇಳಲಿಲ್ಲ, ತೋಳು ತಿಕ್ಕಿಕೊಳ್ಳುತ್ತ ಎದ್ದು ಹೋದಳು.